ಬೆಬರ್, ಬೆಬೊರ್

ಮುಂದಿನ ಸೀಟಿನಲ್ಲಿ ಕೂತವಳ ಸೆರಗಿನಂಚಿನಿಂದ ಒಂದು ನೂಲು ಬಿಟ್ಟುಕೊಂಡು ಗಾಳಿಗೆ ಅಲ್ಲಾಡುತ್ತಿದೆ, ಹಿಡಿದು ಎಳೆದರೆ ಅಂಚೆಲ್ಲ ಬಿಚ್ಚಿಕೊಂಡು ಬರುತ್ತದೆ, ಎಳೆಯಬಾರದು, ಆದರೆ ಬೆರಳು ತಾನಾಗಿಯೇ ಮುಂದೆ ಹೋಗುತ್ತದೆ — ಲೂರ್ಡ್ಸ್ ಕೈಯನ್ನು ಹಿಂದಕ್ಕೆ ತೆಗೆದು ಮಡಿಲಿನ ಚೀಲದ ಮೇಲೆ ಇಟ್ಟುಕೊಂಡಳು. ಸುಸ್ತು. ಸುಸ್ತು ಅಂದರೂ ಸಾಲದು, ಎಲುಬಿನೊಳಗೆ ಯಾರೋ ಒದ್ದೆ ಹತ್ತಿ ತುರುಕಿದ ಹಾಗೆ, ಬೆಳಗಿನಿಂದ ನಿಂತ ಕಾಲು ನರ್ಸುಗಳ ಬಿಳಿ ಶೂಸಿನೊಳಗೆ ಊದಿಕೊಂಡಿದೆ, ಹಂಪನಕಟ್ಟೆಯಲ್ಲಿ ಬಸ್ಸು ಇನ್ನೂ ಹೊರಟಿಲ್ಲ, ಮೇ ತಿಂಗಳ ಸೆಕೆ, ಒಣಮೀನಿನ ಬುಟ್ಟಿ, ಯಾರದೋ ಬೆವರು, ಯಾರದೋ ತಲೆಯ ಮಲ್ಲಿಗೆ, ಮನೆಗೆ ಹೋದರೆ ಪಿಯುಸಣ್ಣನ ಹೆಂಡತಿ ಡಾಲಿ ಕೇಳುತ್ತಾಳೆ ಇವತ್ತು ಎಂತ ವಿಶೇಷ ಅಂತ, ದಿನಾ ಕೇಳುತ್ತಾಳೆ, ಏನೂ ಇಲ್ಲ ಎಂದು ಇವಳೂ ದಿನಾ ಹೇಳುತ್ತಾಳೆ, ಇವತ್ತೂ ಹಾಗೇ ಹೇಳಬೇಕು, ಏನೂ ಇಲ್ಲ ಡಾಲಿ, ಒಬ್ಬನ ಕಾಲು ತೆಗೆದರು ಅಷ್ಟೆ, ತೆಗೆಯಬೇಡಿ ಅಂದವನ ಕಾಲು, ಹೌದು ಅವನ ಭಾಷೆ ಆಸ್ಪತ್ರೆಯಲ್ಲಿ ನನ್ನೊಬ್ಬಳಿಗೇ ಗೊತ್ತು — ನೂಲಿಗೆ ಆ ಫಾರಸಿಯಲ್ಲಿ ತಾರ್ ಅನ್ನುತ್ತಾರೆ, ಉದ್ದಕ್ಕೆ ಹಾಸುವುದು ತಾರ್, ಅಡ್ಡಕ್ಕೆ ಹೊಗಿಸುವುದು ಪೂದ್, ತಾರ್-ಓ-ಪೂದ್, ಹಾಸು ಹೊಕ್ಕು. ನಿಮ್ಮ ಕನ್ನಡದಲ್ಲಿ ಜರತಾರಿ ಅನ್ನುತ್ತೀರಲ್ಲ, ಅದರಲ್ಲಿ ಕೂತಿರುವ ತಾರ್ ನಮ್ಮದು ಲೂರ್ಡ್ಸ್ ಖಾನುಂ, ಜರ್ ಅಂದರೆ ಬಂಗಾರ, ಬಂಗಾರದ ನೂಲು — ಹೀಗೆ ಹೇಳಿದ ಮೇಷ್ಟ್ರ ಬಾಯಿ ಈಗ ಇದೆಯೋ ಮಣ್ಣಾಗಿದೆಯೋ, ಹತ್ತು ವರ್ಷವಾಯಿತು, ಒಂದು ಕಾಗದವಿಲ್ಲ, ಕಾಗದ ಬರೆಯುವಂಥದ್ದು ಏನಿತ್ತು, ಅವರು ರೋಗಿ, ಇವಳು ನರ್ಸು.

ಆಬಾದಾನ್, ಫಾರಸಿಯವರ ದೇಶದಲ್ಲಿ ಎಣ್ಣೆ ಕಂಪೆನಿಯ ಊರು, ಹಗಲಿಗೂ ಬೆಂಕಿಯ ನಾಲಿಗೆ ಚಾಚಿಕೊಂಡಿರುವ ಚಿಮಣಿಗಳು, ಕುಡಿಯುವ ನೀರಿಗೂ ಎಣ್ಣೆಯ ವಾಸನೆ, ಯುದ್ಧದ ಕಾಲದಲ್ಲಿ ಕಂಪೆನಿಯ ಆಸ್ಪತ್ರೆಗೆ ನರ್ಸುಗಳು ಬೇಕಾಗಿದ್ದರು, ಮಂಗಳೂರಿನ ಹುಡುಗಿಯರು ಬೊಂಬಾಯಿಗೆ ಹೋಗಿ ಹಡಗು ಹತ್ತಿದರು, ಅವಳೂ ಹತ್ತಿದಳು, ಅಮ್ಮ ಅತ್ತಳು, ಪಿಯುಸಣ್ಣ ಟ್ರಂಕಿಗೆ ಹಗ್ಗ ಬಿಗಿದ. ಅಲ್ಲಿ ಗಂಡಸರ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ಸೊಂಟದ ಮೂಳೆ ಮುರಿದುಕೊಂಡು, ಕಾಲಿಗೆ ಕಲ್ಲಿನ ತೂಕ ಕಟ್ಟಿಸಿಕೊಂಡು, ಒಂದು ಬೇಸಿಗೆಯಿಂದ ಇನ್ನೊಂದು ಬೇಸಿಗೆಯ ತನಕ ಮಲಗಿದ್ದವರು ಆಗಾ ನಸ್ಸಾಜಿ, ಗಂಡಸರಿಗೆ ಆಗಾ, ಹೆಂಗಸರಿಗೆ ಖಾನುಂ, ಅದು ಅಲ್ಲಿಯ ಮರ್ಯಾದೆ, ಕಂಪೆನಿಯ ಶಾಲೆಯಲ್ಲಿ ಫಾರಸಿ ಮೇಷ್ಟ್ರು, ಹುಟ್ಟಿದ್ದು ಯಜ್ದ್ ಎಂಬ ನೇಯ್ಗೆಯವರ ಊರಿನಲ್ಲಿ, ನಸ್ಸಾಜ್ ಅಂದರೆ ನೇಯುವವನೇ, ಅಜ್ಜನಿಗೆ ಮಗ್ಗ ಇತ್ತು, ನನಗೆ ಬರೀ ಹೆಸರು ಉಳಿಯಿತು ಅನ್ನುತ್ತಿದ್ದರು. ಮಲಗಿದವನಿಗೆ ಪಾಠ ಹೇಳಲು ಮಕ್ಕಳಿಲ್ಲ, ಹಾಸಿಗೆ ಬಟ್ಟೆ ಬದಲಾಯಿಸಲು ಹೋದ ಇವಳೇ ಮಗು. ಇದೇನು? ಚಾದರ್. ನಮ್ಮಲ್ಲೂ ಚಾದರವೇ ಆಗಾ. ಇದು? ರೂಮಾಲ್, ರೂ ಅಂದರೆ ಮುಖ, ಮಾಲ್ ಅಂದರೆ ಒರಸುವುದು, ನಮ್ಮ ಅಜ್ಜಂದಿರು ಅದನ್ನೇ ತಲೆಗೆ ಸುತ್ತಿದರು ಎಂದು ಇವಳು ಹೇಳಿದಾಗ ಅವರು ನಕ್ಕು ಸೊಂಟ ನೋವಾಗಿ ಮುಖ ಕಿವುಚಿದರು. ದರ್ಜ್ ಅಂದರೆ ಹೊಲಿಗೆಯ ಗೆರೆ, ಅದರಿಂದ ದರ್ಜಿ, ಒಳಗಿನ ಬಟ್ಟೆ ಆಸ್ತರ್, ಅಸ್ತರು ಅಂತಾರೆ ನಮ್ಮಲ್ಲಿ, ನೋಡು, ನಿನ್ನೂರಿನ ದರ್ಜಿಗಳು ದಿನವಿಡೀ ಫಾರಸಿ ಮಾತಾಡುತ್ತಾರೆ, ಯಾರೂ ಅವರಿಗೆ ಹೇಳಿಲ್ಲ. ಆಮೇಲೆ ಹಳೆಯ ಕಾವ್ಯದ ಬಟ್ಟೆಗಳು ಬಂದವು, ಜ್ವರ ನೋಡುವಾಗ ಒಂದು, ಗಂಜಿ ಕುಡಿಸುವಾಗ ಒಂದು. ಗಿರೀಬಾನ್, ಅಂಗಿಯ ಕೊರಳಪಟ್ಟಿ, ಗಿರೀವ್ ಎಂದರೆ ಹಳೆಯ ಮಾತಿನಲ್ಲಿ ಕುತ್ತಿಗೆ, ಬಾನ್ ಕಾಯುವವನು, ಕುತ್ತಿಗೆ ಕಾಯುವ ಪಹರೆಯವ, ಕಾವ್ಯದಲ್ಲಿ ದುಃಖ ತಡೆಯಲಾಗದವನು ಮೊದಲು ಅದನ್ನೇ ಹರಿದುಕೊಳ್ಳುತ್ತಾನೆ. ಪರ್ನಿಯಾನ್, ಚೀನಾದ ಚಿತ್ತಾರದ ರೇಷ್ಮೆ, ವಸಂತ ಬಂದರೆ ಬೆಟ್ಟ ಉಡುವುದು. ಪರಂದ್, ಚಿತ್ತಾರವಿಲ್ಲದ ರೇಷ್ಮೆ, ಕತ್ತಿಯ ಅಲಗಿನ ಮೇಲೆ ನೀರು ಹರಿದ ಹಾಗೆ ಕಾಣುವ ಹೊಳಪಿಗೂ ಅದೇ ಹೆಸರು. ಕಮ್ಖಾ, ನಿಮ್ಮ ಕಿನ್ಕಾಪು, ಜನ ಅದನ್ನು ಕಮ್-ಖ್ವಾಬ್ ಎಂದು ಬಿಡಿಸಿ ಕಡಿಮೆ ನಿದ್ದೆ, ಪುಟ್ಟ ಕನಸು ಅಂತೆಲ್ಲ ಅರ್ಥ ಹೇಳುತ್ತಾರೆ, ಸುಳ್ಳು, ಅದು ಬಟ್ಟೆಯ ಜೊತೆಗೇ ಚೀನಾದಿಂದ ಬಂದ ಮಾತು, ಕನಸು ಹೊಲಿದದ್ದು ನಾವು. ಅತ್ಲಸ್, ನುಣುಪಾದ ಬಟ್ಟೆ, ಆ ಮಾತಿನ ಬೇರಿನಲ್ಲಿ ಇರುವುದು ಅಳಿಸುವುದು, ಒರಸಿ ತೆಗೆದ ಪಾಟಿ, ಅದಕ್ಕೇ ಒಂದೂ ನಕ್ಷತ್ರವಿಲ್ಲದ ಒಂಬತ್ತನೆಯ ಆಕಾಶವನ್ನೂ ಅತ್ಲಸ್ ಅಂದರು. ಕತಾನ್, ನಾರಿನ ಬಟ್ಟೆ, ಬೆಳದಿಂಗಳು ಬಿದ್ದರೆ ಹರಿದುಹೋಗುತ್ತದಂತೆ, ಕವಿಗಳೆಲ್ಲ ಹಾಗೇ ಹೇಳಿಕೊಂಡು ಬಂದರು, ಯಾರೂ ಒಂದು ರಾತ್ರಿ ಹೊರಗೆ ಹಾಕಿ ನೋಡಲಿಲ್ಲ. ಇಷ್ಟೊಂದು ರೇಷ್ಮೆಯ ಹೆಸರು ಯಾಕೆ ಆಗಾ? ಯಾಕೆಂದರೆ ಅವರಲ್ಲಿ ಬಹಳ ಮಂದಿಗೆ ಉಡಲು ಇದ್ದದ್ದು ಕರ್ಬಾಸ್, ಒರಟು ಹತ್ತಿಬಟ್ಟೆ, ಅದು ನಿನ್ನ ದೇಶದಿಂದ ಬಂದ ಮಾತು, ಸಂಸ್ಕೃತದ ಕರ್ಪಾಸ, ಬಡವ ಉಡುವುದೂ ಅದೇ, ಸತ್ತವನಿಗೆ ಹೊದಿಸುವುದೂ ಅದೇ. ಕೊಂಕಣಿಯಲ್ಲಿ ಹತ್ತಿಗೆ ಕಾಪುಸ್ ಅಂತೇವೆ ಎಂದಳು ಇವಳು. ಕಾಪುಸ್, ಕಾಪುಸ್, ಎಂದು ಅವರು ಬಾಯೊಳಗೆ ಅದನ್ನು ಸಕ್ಕರೆಯ ತುಂಡಿನ ಹಾಗೆ ಹೊರಳಿಸಿದರು.

ಹಾಗೆ ಕಲಿತ ಫಾರಸಿ. ವಾರ್ಡಿನ ಫಾರಸಿ ಸ್ವಲ್ಪ, ಎಲ್ಲಿ ನೋವು, ಮಲ ಆಯಿತಾ, ಬಾಯಿ ತೆರೆ, ಮಿಕ್ಕದ್ದೆಲ್ಲ ರೇಷ್ಮೆ. ಬಸ್ಸು ಕೊನೆಗೂ ಹೊರಟಿತು, ನೂಲು ಇನ್ನೂ ಹಾರುತ್ತಿದೆ, ಆ ರೇಷ್ಮೆಯನ್ನು ಹಿಡಿದುಕೊಂಡು ಇವಳು ಮೊನ್ನೆ ಖೆಜರನ ಮಂಚದ ಹತ್ತಿರ ಹೋದದ್ದು, ಬಂದರಿನಲ್ಲಿ ಕುವೈತಿನ ಹಾಯಿಹಡಗಿಗೆ ಹಂಚು ತುಂಬುವಾಗ ಅಟ್ಟಿ ಜಾರಿ ಕಾಲಿನ ಮೇಲೆ ಬಿದ್ದು, ಹಡಗಿನವರು ಏನೇನೋ ಎಣ್ಣೆ ಹಚ್ಚಿ ಕಟ್ಟಿ ಇಟ್ಟುಕೊಂಡು, ಕೊನೆಗೆ ವಾಸನೆ ತಡೆಯದೆ ತಂದು ಹಾಕಿದ ಮನುಷ್ಯ. ಹಡಗು ನಡೆಸುವ ನಾಖುದನಿಗೆ ಅರಬಿ, ದಲ್ಲಾಳಿಗೆ ಹಡಗಿನವರ ಜೊತೆ ಕಲಿತ ನಾಲ್ಕು ಮಾತು ಅರಬಿ, ಇವನು ಆಚೆ ದಡದ ಬೂಶಹ್ರಿನವನು, ಎಚ್ಚರವಿದ್ದಾಗ ಅರಬಿ ಬರುತ್ತಿತ್ತೋ ಏನೋ, ಜ್ವರ ಏರಿದ ಮೇಲೆ ತಾಯಿಯ ಮಾತೊಂದೇ ಉಳಿಯಿತು. ಆಯಾ ಕುಶಲಾ ಓಡಿ ಬಂದಳು, ಸಿಸ್ಟರ್, ಅವನು ಎಂತ ಹೇಳ್ತಾನೆ ಅಂತ ಯಾರಿಗೂ ಗೊತ್ತಾಗುದಿಲ್ಲ, ನೀವು ಆಚೆ ದೇಶದಲ್ಲಿ ಇದ್ದವರಲ್ಲವಾ. ಇವಳು ಹೋಗಿ, ನೋವು ಎಲ್ಲಿದೆ ಸಹೋದರ, ಎಂದಳು ಫಾರಸಿಯಲ್ಲಿ, ಹತ್ತು ವರ್ಷ ಬಾಯಿಗೆ ಬಾರದ ಮಾತು, ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟಿ ತೆರೆಯಿತು, ಅವನು ಕಣ್ಣು ಬಿಟ್ಟು ಇವಳನ್ನೇ ನೋಡಿದ, ನರೆತ ಗಡ್ಡ, ಒಡೆದ ತುಟಿ, ಖಾಹರ್ ಎಂದ, ಅಕ್ಕತಂಗಿಯನ್ನು ಕರೆಯುವ ಹಾಗೆ. ಹೆಬ್ಬೆರಳಿನ ಬುಡದಲ್ಲಿ ಕಲ್ಲಿನಂಥ ಗಂಟು, ಇದು ಏನು, ಸೂಜಿ ತಳ್ಳಿ ತಳ್ಳಿ ಆದದ್ದು, ನಾನು ಹಡಗಿನಲ್ಲಿ ಹಾಯಿ ಹೊಲಿಯುವವನು. ಬಾದ್‌ಬಾನ್ ಎಂದಳು ಇವಳು, ಗಾಳಿ ಕಾಯುವವನು, ಆಗಾ ನಸ್ಸಾಜಿ ಹೇಳಿಕೊಟ್ಟ ಹಾಯಿಯ ಹೆಸರು. ಅವನ ತುಟಿ ಸ್ವಲ್ಪ ಅಗಲವಾಯಿತು. ನಮ್ಮ ಕಡೆ ಹಾಗೆ ಹೇಳುವುದಿಲ್ಲ ಖಾಹರ್, ನಿನಗೆ ಯಾರು ಕಲಿಸಿದರು, ಸತ್ತವರಾ? ಅದೊಂದೇ ನಗು, ಆಮೇಲೆ ಇಲ್ಲ. ಕಾಲು ಮೊಣಕಾಲಿನ ತನಕ ಕಪ್ಪಾಗಿತ್ತು, ಆ ವಾಸನೆ ಗೊತ್ತಿಲ್ಲದ ನರ್ಸಿಲ್ಲ, ಈಗಲೂ ಮೂಗಿನೊಳಗೇ ಇದೆ, ಈ ಒಣಮೀನಿನ ವಾಸನೆಯನ್ನೂ ದಾಟಿ.

ಇವತ್ತು ಬೆಳಿಗ್ಗೆ ಸರ್ಜನ್ ಬಂದರು, ಪಾಪದ ಮನುಷ್ಯ, ಅವರಿಗೂ ನಿದ್ದೆಯಿಲ್ಲ, ಮೊಣಕಾಲಿನ ಮೇಲಿಂದ ತೆಗೀಬೇಕು ಸಿಸ್ಟರ್, ತೆಗೆದರೆ ಬದುಕಿಯಾನು, ಇಲ್ಲದಿದ್ದರೆ ನಾಳೆ ನಾಡಿದ್ದು, ನೀವು ಕೇಳಿ ಹೇಳಿ, ಒಪ್ಪದೆ ನಾನು ಕೈ ಹಾಕುವುದಿಲ್ಲ. ಕೇಳಬೇಕು. ಯಾವ ಮಾತಿನಿಂದ? ಬೊರೀದನ್, ಕತ್ತರಿಸುವುದು, ಅವಳಿಗೆ ಬರುವುದು ಅದೊಂದೇ, ದರ್ಜಿ ಅರಿವೆ ಕತ್ತರಿಸುವುದೂ ಬೊರೀದನ್, ಒಬ್ಬರನ್ನೊಬ್ಬರು ಬಿಟ್ಟುಹೋಗುವುದೂ ಕಾವ್ಯದಲ್ಲಿ ಬೊರೀದನ್. ಕತ್ತರಿಸಬೇಕು ಅಂತಾರೆ ಸಹೋದರ. ಪಾಯಜಾಮವಾ, ಕತ್ತರಿಸಲಿ, ಹಳೆಯದು. ಪಾಯಜಾಮ ಅಲ್ಲ, ಕಾಲು. ಅವನು ಗೋಡೆ ಕಡೆ ತಿರುಗಿದ. ಗೋಡೆಯಲ್ಲಿ ಸುಣ್ಣದ ಹಕ್ಕಳೆ ಬಿಟ್ಟರೆ ಏನೂ ಇರಲಿಲ್ಲ. ಇವಳು ಮಂಚದ ಅಂಚಿಗೆ ಬಗ್ಗಿ ಹೇಳಿದಳು, ಹಾಯಿ ಹರಿದರೆ ನೀನು ಏನು ಮಾಡುತ್ತೀ, ಕೊಳೆತ ಪಟ್ಟಿಯನ್ನು ಕತ್ತರಿಸಿ ತೆಗೆಯದೆ ಹೊಲಿದರೆ ಹೊಲಿಗೆ ನಿಲ್ಲುತ್ತದಾ, ಗಾಳಿ ಬಂದರೆ ಹಾಯಿಯೇ ಹೋಗುವುದಿಲ್ಲವಾ. ಅವನು ಕೇಳಿಸಿಕೊಂಡ, ಕೇಳಿಸಿಕೊಂಡದ್ದು ಬೆನ್ನಿನಲ್ಲಿ ಗೊತ್ತಾಗುತ್ತಿತ್ತು. ತಿರುಗದೆಯೇ ಒಂದು ಮಾತು ಹೇಳಿದ. ಒಂದೇ ಮಾತು, ಎರಡು ಸಲ.

ಆ ಮಾತು. ಫಾರಸಿಯಲ್ಲಿ ಬರೆದರೆ ಬ, ಬ, ರ, ಮೂರೇ ಅಕ್ಷರ, ನಡುವಿನ ಸ್ವರಗಳನ್ನು ಅವರು ಬರೆಯುವುದಿಲ್ಲ, ಓದುವವನು ತನ್ನ ಬಾಯಿಂದ ಹಾಕಿಕೊಳ್ಳಬೇಕು. ಬೆಬೊರ್ ಅಂದರೆ ಕತ್ತರಿಸು. ಬೆಬರ್ ಅಂದರೆ ಕೊಂಡುಹೋಗು. ಆಗಾ ನಸ್ಸಾಜಿ ಒಮ್ಮೆ ಸಿಗರೇಟಿನ ಪೊಟ್ಟಣದ ಹಿಂದೆ ಬರೆದು ತೋರಿಸಿದ್ದರು, ನೋಡು, ಒಂದೇ ಬಟ್ಟೆ, ಅಸ್ತರು ಬೇರೆ. ಬಸ್ಸು ಮಣ್ಣಗುಡ್ಡೆಯಲ್ಲಿ ನಿಂತಿತು, ಇಬ್ಬರು ಇಳಿದರು, ಕಂಡಕ್ಟರ್ ಪಕ್ಕದಲ್ಲೇ ನಿಂತು ಬೆನ್ನು ಒರಸಿಕೊಳ್ಳುತ್ತಿದ್ದಾನೆ, ಅವನ ಖಾಕಿ ಕಂಕುಳಲ್ಲಿ ಕಪ್ಪಾಗಿದೆ, ಖಾಕ್ ಎಂದರೆ ಮಣ್ಣು, ಮಣ್ಣಿನ ಬಣ್ಣ, ಮೊದಲು ಆ ಬಣ್ಣ ಹಾಕಿದ್ದೇ ಇಲ್ಲಿ ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲಿ ಎಂದು ಊರಿನವರು ಹೇಳುವುದನ್ನು ಆಬಾದಾನಿನಲ್ಲಿ ಹೇಳಿದ್ದಳು, ಆಗಾ ನಂಬಿದರೋ ಇಲ್ಲವೋ, ಮಣ್ಣು ಎಲ್ಲ ಊರಲ್ಲೂ ಇದೆಯಲ್ಲ ಖಾನುಂ ಎಂದಿದ್ದರು — ಸುತ್ತಿ ಬಳಸಿ ಬೇರೆ ಕಡೆ ಹೋಗಬೇಡ ಲೂರ್ಡ್ಸ್, ಅವನು ಹೇಳಿದ್ದು ಯಾವುದು. ತುಟಿ ಒಡೆದಿತ್ತು, ನಾಲಿಗೆ ಊದಿತ್ತು, ಗೋಡೆಗೆ ಹೇಳಿದ, ಅ ಕೇಳಿದಂತಿತ್ತು, ಒ ಕೂಡ ಇರಬಹುದಿತ್ತು, ಅವನ ಊರಿನ ಉಚ್ಚಾರವೇ ಬೇರೆ, ಹೀಗೆ ಆಪರೇಶನ್ ಮುಗಿಯುವ ತನಕ ಇವಳು ತನಗೇ ಹೇಳಿಕೊಂಡಳು. ಸುಳ್ಳು. ಅವನು ಬೆಬರ್ ಅಂದ. ಕೊಂಡುಹೋಗು. ಹಡಗಿಗೆ ಕೊಂಡುಹೋಗಿ ಹಾಕು, ಮಳೆಗಾಲ ಬಾಗಿಲಿಗೆ ಬಂದಿದೆ, ಇವತ್ತಿನ ಕಡಲ ಇಳಿತಕ್ಕೆ ಹಡಗು ಹೊರಡುತ್ತದೆ, ಕಾರವಾರ ದಾಟುವ ಮೊದಲು ಪ್ರಾಣ ಹೋದರೂ ಹೋಗಲಿ, ತನ್ನವರು ತನ್ನ ಮಾತಿನಲ್ಲಿ ಪ್ರಾರ್ಥನೆ ಹೇಳಿ ತಾನು ಹೊಲಿದ ಹಾಯಿಯ ತುಂಡಿನಲ್ಲಿ ಸುತ್ತಿ ಸಮುದ್ರಕ್ಕೆ ಬಿಡುತ್ತಾರೆ. ಅಷ್ಟೂ ಆ ಒಂದು ಮಾತಿನಲ್ಲಿ ಇತ್ತು, ಅಷ್ಟೂ ಕೇಳಿಸಿತು.

ಸರ್ಜನ್ ಕೇಳಿದರು, ಎಂತ ಹೇಳ್ತಾನೆ ಸಿಸ್ಟರ್?

ಕತ್ತರಿಸಿ ಅಂತಾನೆ ಡಾಕ್ಟರ್.

ಬಾಯಿಂದ ಹೋಯಿತು, ಅಷ್ಟು ಸಲೀಸಾಗಿ, ಟೆಂಪರೇಚರ್ ಹೇಳಿದ ಹಾಗೆ. ಯಾಕೆ ಹೇಳಿದೆ, ಬದುಕಲಿ ಅಂತ, ಬೇರೆ ಏನು, ನರ್ಸು ಇರುವುದೇ ಅದಕ್ಕೆ, ಹೀಗಂತ ಡಾಲಿಗೆ ಹೇಳಬಹುದು, ಪಾದ್ರಿಗೆ ಹೇಳಬಹುದು. ಆದರೆ ಆ ಮಾತನ್ನು ಇವಳು ಮೊದಲ ಸಲ ಕೇಳಿದ್ದಲ್ಲ. ಐವತ್ತೊಂದರಲ್ಲಿ ಕಂಪೆನಿ ಆ ದೇಶ ಬಿಡಬೇಕಾಗಿ ಬಂದು ನರ್ಸುಗಳನ್ನೆಲ್ಲ ಹಡಗು ಹತ್ತಿಸುವ ದಿನ, ಗಡಿಬಿಡಿ, ಟ್ರಂಕುಗಳು, ಲಾರಿ, ಆಗಾ ನಸ್ಸಾಜಿ ಕೋಲೂರಿಕೊಂಡು ಆಸ್ಪತ್ರೆಯ ಗೇಟಿಗೆ ಬಂದಿದ್ದರು, ಸೊಂಟ ಕೂಡಿತ್ತು, ಸೊಟ್ಟಗೆ ಕೂಡಿತ್ತು, ಒಗೆದ ಅಂಗಿ, ಗಿರೀಬಾನಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು, ಇವಳಿಗೆ ಅದನ್ನು ಸರಿ ಮಾಡಬೇಕೆನಿಸಿತ್ತು, ಎಲ್ಲರೂ ನೋಡುತ್ತಿದ್ದರು, ಮಾಡಲಿಲ್ಲ. ಮರಾ ಹಂ ಬೆಬರ್ ಎಂದರು. ನನ್ನನ್ನೂ ಕೊಂಡುಹೋಗು. ನಗುತ್ತಾ ಹೇಳಿದರು, ಆದ್ದರಿಂದ ಇವಳೂ ನಕ್ಕಳು, ಕಾಪುಸಿನ ದೇಶಕ್ಕಾ ಆಗಾ, ಹೌದು, ಕಾಪುಸಿನ ದೇಶಕ್ಕೆ, ಲಾರಿ ಹೊರಟಿತು. ಆಗ ಸ್ವರ ಸ್ಪಷ್ಟವಾಗಿ ಕೇಳಿತ್ತು, ಅ, ಯಾವ ಸಂಶಯವೂ ಇರಲಿಲ್ಲ, ಅರ್ಥವೂ ಆಗಿತ್ತು, ನಗು ಅದರ ಮೇಲೆ ಹೊದಿಸಿದ ಬಟ್ಟೆ ಎಂಬುದೂ ಗೊತ್ತಿತ್ತು, ಮೂವತ್ತನಾಲ್ಕು ದಾಟಿದ ಹೆಣ್ಣಿಗೆ ಗೊತ್ತಾಗದೆ ಇರುತ್ತದಾ. ಬೇರೆ ಧರ್ಮ, ಮುದುಕನಲ್ಲದಿದ್ದರೂ ಮುದುಕನಂಥವರು, ಅಮ್ಮ ಸತ್ತೇ ಹೋಗುತ್ತಿದ್ದಳು, ಎಲ್ಲ ಸರಿ, ಎಲ್ಲವೂ ಸರಿಯೇ. ಅವತ್ತು ಸರಿಯಾಗಿ ಕೇಳಿಸಿಕೊಂಡು ಏನೂ ಮಾಡಲಿಲ್ಲ, ಇವತ್ತು ಬೇಕೆಂದೇ ತಪ್ಪಾಗಿ ಕೇಳಿಸಿಕೊಂಡು ಒಬ್ಬನನ್ನು ಇಲ್ಲಿ ಉಳಿಸಿಕೊಂಡೆ, ಉಳಿಸಿಕೊಂಡೆ ಅನ್ನುವುದು ಬದುಕಿಸಿದೆ ಅಂತಲೂ ಆಗುತ್ತದೆ, ಹಿಡಿದಿಟ್ಟೆ ಅಂತಲೂ ಆಗುತ್ತದೆ, ಕನ್ನಡಕ್ಕೂ ಅಸ್ತರು ಉಂಟು ಮಾರಾಯ್ತಿ.

ಬಲೆಗೆ ಬಿದ್ದ ಹಾಗೆ ತಲೆ ಅಲ್ಲಿಗೇ ಬರುತ್ತದೆ. ಆಪರೇಶನ್ ಚೆನ್ನಾಗಿ ಆಯಿತು, ಸರ್ಜನ್ ಕೈತೊಳೆಯುತ್ತಾ ಹೇಳಿದರು, ಗಟ್ಟಿ ಮನುಷ್ಯ, ಏಳ್ತಾನೆ. ಅವನಿಗೆ ಎಚ್ಚರವಾಗುವ ಮೊದಲು ನಾಖುದ ಬಂದಿದ್ದ, ದಲ್ಲಾಳಿಯೂ ಜೊತೆಗೆ, ನಾಖುದ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಹತ್ತಿರ ಹೋಗಿ, ಖೆಜರನ ಹಣೆಗೆ ಮುತ್ತಿಟ್ಟು, ಅವನ ಬಟ್ಟೆಯ ಗಂಟನ್ನು ಸ್ಟೂಲಿನ ಮೇಲೆ ಇಟ್ಟ, ಗಂಟಿನಿಂದ ಹಾಯಿಯ ದೊಡ್ಡ ಸೂಜಿ ಹೊರಗೆ ಇಣುಕುತ್ತಿತ್ತು, ದಲ್ಲಾಳಿ ಹೇಳಿದ, ಇಳಿತ ತಪ್ಪಿದರೆ ಇವರು ಮಳೆಗಾಲ ಪೂರ್ತಿ ಇಲ್ಲೇ, ಹಾಗಾಗಿ ಹೋಗ್ಲೇಬೇಕು ಸಿಸ್ಟರ್, ಸಮುದ್ರ ತೆರೆದ ಮೇಲೆ ಬರ್ತಾರೆ, ಆಗ ಕರ್ಕೊಂಡು ಹೋಗ್ತಾರೆ. ಹೋದರು. ಕುಶಲಾ ಗಂಟನ್ನು ಮಂಚದ ಕೆಳಗೆ ತಳ್ಳಿದಳು. ಇವಳು ಊಟಕ್ಕೆ ಹೋಗಲಿಲ್ಲ, ಸ್ಟೂಲಿನ ಮೇಲೆ ಕೂತಳು, ಎಚ್ಚರವಾದಾಗ ತನ್ನ ಮಾತು ಬರುವವರು ಒಬ್ಬರಾದರೂ ಇರಲಿ ಎಂದು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಮಂಚಕ್ಕೆ ಬಂತು, ಅವನು ಕಣ್ಣು ಬಿಟ್ಟ, ವಾಂತಿ ಮಾಡಿದ, ನೀರು ಬೇಕೆಂದ, ತುಟಿ ಮಾತ್ರ ಒದ್ದೆ ಮಾಡಿದಳು. ಆಮೇಲೆ ಅವನ ಕೈ ಹೊದಿಕೆಯ ಮೇಲೆ ಕೆಳಗೆ ಹೊರಟಿತು.

ಲೇಡಿಹಿಲ್. ಬಸ್ಸು ಖಾಲಿಯಾಗುತ್ತಿದೆ, ನೂಲಿನವಳೂ ಇಳಿದು ಹೋದಳು, ಗಾಳಿ ಬರುತ್ತಿದೆ, ಸಮುದ್ರದ ಕಡೆಯದು, ಮೋಡ ಕಟ್ಟಿದೆ, ಆ ಹಡಗಿಗೆ ಗಾಳಿ ಸಿಕ್ಕಿರಬಹುದು. ಅವನ ಕೈ ಮೊದಲು ತೊಡೆಯ ಮೇಲೆ ನಿಂತಿತು. ಅಲ್ಲಿಂದ ಮುಂದೆ ಬೇಡ ಎಂದು ಹಿಡಿಯಬೇಕಿತ್ತು, ಹಿಡಿಯಲು ಇವಳ ಕೈ ಏಳಲಿಲ್ಲ. ಅವನು ಇವಳ ಮುಖ ನೋಡಿದ. ನಾನು ಕೊಂಡುಹೋಗು ಅಂದದ್ದು ಖಾಹರ್, ಎಂದ.

ನನಗೆ ಕೇಳಿಸಿತ್ತು, ಎಂದಳು ಇವಳು.

ಇಲ್ಲ ನನಗೆ ತಪ್ಪಾಗಿ ಕೇಳಿಸಿತು ಎನ್ನಬಹುದಿತ್ತು, ಅವನು ನಂಬುತ್ತಿದ್ದ, ಸತ್ತವರಿಂದ ಕಲಿತವಳಲ್ಲವೇ. ಹಾಗೆ ಹೇಳಿದ್ದರೆ ಈಗ ಇಷ್ಟು ಸುಸ್ತಾಗುತ್ತಿರಲಿಲ್ಲವೇನೋ. ಅವನು ಹಡಗು ಎಂದ, ಹೋಯಿತು ಎಂದಳು. ನಾಳೆ ಬೆಳಿಗ್ಗೆ ಡ್ಯೂಟಿ, ನಾಡಿದ್ದೂ, ಮಳೆ ಹಿಡಿಯುತ್ತದೆ, ಹಂಚಿನ ಮೇಲೆ ಸುರಿಯುತ್ತದೆ, ಜೂನ್, ಜುಲೈ, ಆ ವಾರ್ಡಿನಲ್ಲಿ ಅವನಿಗೆ ಮಾತಾಡಲು ಇರುವವಳು ಇವಳೊಬ್ಬಳೇ, ಬೈಯಲಿಕ್ಕಾದರೂ ಇವಳೇ ಬೇಕು, ಬೈಗುಳವನ್ನು ಆಗಾ ಕಲಿಸಿರಲಿಲ್ಲ, ಇವನಿಂದ ಕಲಿಯಬೇಕು, ಕಲಿಯುತ್ತಾಳೆ, ಹೋಗದೆ ಇರಲು ಆಗುವುದಿಲ್ಲ. ಬಾಯಮ್ಮ, ಉರ್ವ ಮಾರ್ಕೆಟ್ ಬಂತು, ಇಳಿಯುದಿಲ್ವಾ, ಕಂಡಕ್ಟರ್ ಕೇಳುತ್ತಿದ್ದಾನೆ, ಇಳಿಯಬೇಕು, ಏಳಬೇಕು, ಚೀಲ ಹಿಡಿದುಕೊಂಡಿದ್ದಾಳೆ, ಮೊಣಕಾಲು ಮಡಚಿದಲ್ಲೇ ಇದೆ — ಹೋಯಿತು ಎಂದ ಮೇಲೆ ಅವನು ಮತ್ತೆ ಇವಳನ್ನು ನೋಡಲಿಲ್ಲ, ಹೆಬ್ಬೆರಳು ಒಂದು ಕಡೆ ಊರಿ ಕಿರುಬೆರಳನ್ನು ಚಾಚಿದ, ಗೇಣು, ಹಾಯಿಯ ಬಟ್ಟೆ ಅಳೆಯುವವರು ಅಳೆಯುವ ಹಾಗೆ, ತೊಡೆಯಿಂದ ಒಂದು ಗೇಣು, ಅಲ್ಲಿ ಬ್ಯಾಂಡೇಜಿನ ಉಬ್ಬು, ಅದನ್ನು ದಾಟಿ ಇನ್ನೊಂದು ಗೇಣು, ಬಿಳಿ ಹೊದಿಕೆ ಹಾಸಿಗೆಗೆ ಅಂಟಿಕೊಂಡು ಸಪಾಟಾಗಿ ಬಿದ್ದಿತ್ತು, ಅವನು ಅಲ್ಲಿ ಅಂಗೈಯಿಟ್ಟು ಮಡಿಕೆ ತೀಡಿದ, ನಿಧಾನಕ್ಕೆ, ಹೊಲಿಯುವ ಮೊದಲು ತೀಡುವ ಹಾಗೆ, ಮತ್ತೆ ಹೆಬ್ಬೆರಳು ಊರಿದ, ಕಿರುಬೆರಳು ಚಾಚಿದ, ಇನ್ನೊಂದು ಗೇಣು, ಬಟ್ಟೆ, ಇನ್ನೊಂದು ಗೇಣು, ಬಟ್ಟೆ